ಮಳೆ ನಿಲ್ಲಿಸಿದ ಮೋಟಾರು ಪಂದ್ಯ

ಓಟದಲ್ಲಿ ಮೊದಲು ಗೆರೆ ಮುಟ್ಟಿದವನೇ ಗೆದ್ದವನು. ಇದನ್ನು ಮಕ್ಕಳೂ ಬಲ್ಲರು. ಆದರೆ ಓಟವೇ ನಡುವೆ ನಿಂತುಹೋಗಿ, ಆ ಹೊತ್ತಿಗೆ ಮುಂದಿದ್ದವನನ್ನು ಗೆದ್ದನೆಂದು ಸಾರಿದರೆ ಅದನ್ನು ಗೆಲುವೆಂದು ಒಪ್ಪಬಹುದೆ? ನಮ್ಮ ವಿದ್ಯಾರ್ಥಿನಿಲಯದಲ್ಲಿ ಒಂದು ರಾತ್ರಿ ಊಟವಾದ ಮೇಲೆ ಈ ಪ್ರಶ್ನೆ ಎದ್ದಿತು. ಗೆಳೆಯನೊಬ್ಬನು 2019ರ ಜುಲೈ 7ರಂದು ಅಮೆರಿಕದ ಡೇಟೋನಾದಲ್ಲಿ ನಡೆದ ಮೋಟಾರು ಪಂದ್ಯದ ಕಥೆ ಹೇಳಿದ್ದೇ ಇದಕ್ಕೆ ಕಾರಣ. “ಇದೇನು ಗೆಲುವಯ್ಯ, ಲಾಟರಿ!” ಎಂದು ಮೊದಲು ಬಾಯಿ ಹಾಕಿದವನು ನಾನೇ. ಆ ಮಾತನ್ನು ಸಾಧಿಸಿ ತೋರಿಸಬೇಕೆಂದು ವಿಷಯವನ್ನು ಓದತೊಡಗಿದೆ. ಓದುತ್ತ ಹೋದಂತೆ ನನ್ನ ಮಾತು ನನಗೇ ಅರ್ಧ ಸುಳ್ಳೆಂದು ತೋರಿತು. ಅದನ್ನೇ ಇಲ್ಲಿ ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಈ ಬಗೆಯ ಪಂದ್ಯವನ್ನು ‘ಸ್ಟಾಕ್ ಕಾರ್’ ಪಂದ್ಯವೆನ್ನುತ್ತಾರೆ. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಸಾಧಾರಣ ಕಾರುಗಳನ್ನೇ ಓಡಿಸುತ್ತಿದ್ದುದರಿಂದ ಈ ಹೆಸರು ಬಂದಿತು. ಇಂದಿನ ಕಾರುಗಳು ಹೊರನೋಟಕ್ಕೆ ಮಾತ್ರ ಅಂಗಡಿಯ ಕಾರುಗಳನ್ನು ಹೋಲುತ್ತವೆ. ಒಳಗೆಲ್ಲ ಪಂದ್ಯಕ್ಕೆಂದೇ ಕಟ್ಟಿದವು. 1948ರಲ್ಲಿ ಬಿಲ್ ಫ್ರಾನ್ಸ್ ಎಂಬಾತನ ಮುಂದಾಳುತನದಲ್ಲಿ ‘ನಾಸ್ಕಾರ್’ ಸಂಸ್ಥೆ ಹುಟ್ಟಿತು. ಫ್ಲಾರಿಡಾ ರಾಜ್ಯದ ಡೇಟೋನಾದಲ್ಲಿ ಮೊದಲು ಕಡಲ ತೀರದ ಮರಳಿನ ಮೇಲೆಯೇ ಪಂದ್ಯಗಳು ನಡೆಯುತ್ತಿದ್ದವು. 1959ರಲ್ಲಿ ಅಲ್ಲಿ ಎರಡೂವರೆ ಮೈಲಿ ಸುತ್ತಳತೆಯ ಪಥ ಸಿದ್ಧವಾಯಿತು. ಅದರ ತಿರುವುಗಳು ನೆಲಮಟ್ಟಕ್ಕೆ 31 ಡಿಗ್ರಿಯಷ್ಟು ಓರೆಯಾಗಿವೆ. ನಮ್ಮ ಕಡೆಯ ಹೆಂಚಿನ ಮನೆಯ ಮಾಡನ್ನು ನೆನೆದುಕೊಂಡರೆ ಆ ಓರೆ ಕಣ್ಣಿಗೆ ಕಟ್ಟೀತು. ಅಂಥ ಇಳಿಜಾರಿನಲ್ಲಿ ಕಾರುಗಳು ಒಂದಕ್ಕೊಂದು ತಗುಲುವಂತೆ ಗುಂಪಾಗಿ ಧಾವಿಸುತ್ತವೆ.

ಇಲ್ಲಿ ಮಳೆಯೆಂದರೆ ಪಂದ್ಯಕ್ಕೆ ತಡೆ. ಫಾರ್ಮುಲಾ ಒನ್ ಪಂದ್ಯಗಳಲ್ಲಿ ನೀರನ್ನು ಹೊರಚೆಲ್ಲುವ ಗೀರುಗಳಿರುವ ಟೈರುಗಳನ್ನು ಹಾಕಿಕೊಂಡು ಮಳೆಯಲ್ಲಿಯೂ ಓಡಿಸುವುದುಂಟು. ಡೇಟೋನಾದಲ್ಲಿ ಬಳಸುವ ಟೈರು ನುಣುಪಾದುದು. ಒಣನೆಲದ ಮೇಲೆ ಅದರ ಹಿಡಿತ ಬಲು ಗಟ್ಟಿ. ನೆಲ ತೇವವಾದರೆ ನೀರಿನ ಪದರದ ಮೇಲೆ ಜಾರಿಬಿಡುತ್ತದೆ. ಆದ್ದರಿಂದ ಹನಿ ಬಿದ್ದರೆ ಓಟ ನಿಲ್ಲಬೇಕು, ಬಿಸಿಗಾಳಿ ಊದುವ ಯಂತ್ರಗಳಿಂದ ಪಥವನ್ನು ಒಣಗಿಸಬೇಕು. ಎಂಟು ಮೈಲಿಯೊಳಗೆ ಸಿಡಿಲು ಬಡಿದರೆ, ಮಳೆ ಬಾರದಿದ್ದರೂ, ಅರ್ಧ ಗಂಟೆ ಎಲ್ಲವೂ ಸ್ತಬ್ಧ. ಆ ಅರ್ಧ ಗಂಟೆಯೊಳಗೆ ಇನ್ನೊಂದು ಸಿಡಿಲು ಬಡಿದರೆ ಲೆಕ್ಕ ಮತ್ತೆ ಮೊದಲಿನಿಂದ. ಜುಲೈ ತಿಂಗಳಲ್ಲಿ ಫ್ಲಾರಿಡಾದ ಆಕಾಶವನ್ನು ನಂಬುವುದೆಂದರೆ ನಮ್ಮ ಮಲೆನಾಡಿನವರು ಆಷಾಢದಲ್ಲಿ ಕೊಡೆ ಬಿಟ್ಟು ಹೊರಟಂತೆಯೇ ಸರಿ.

ಆ ವರ್ಷದ ಪಂದ್ಯವು ಜುಲೈ 6ರ ಶನಿವಾರ ರಾತ್ರಿ ನಡೆಯಬೇಕಾಗಿತ್ತು. ಮಳೆಯಿಂದ ಭಾನುವಾರ ಮಧ್ಯಾಹ್ನಕ್ಕೆ ಹೋಯಿತು. ಒಟ್ಟು 160 ಸುತ್ತು, ಅಂದರೆ 400 ಮೈಲಿ. ಇಂಡಿಯಾನಾ ರಾಜ್ಯದ ಇಪ್ಪತ್ತು ವಯಸ್ಸಿನ ಜಸ್ಟಿನ್ ಹೇಲಿ ಹೊರಟದ್ದು 34ನೆಯ ಸ್ಥಾನದಿಂದ. ಅಗ್ರ ಶ್ರೇಣಿಯ ಪಂದ್ಯಗಳಲ್ಲಿ ಅದು ಅವನಿಗೆ ಮೂರನೆಯದು ಮಾತ್ರ. ಅವನ ತಂಡ ಸ್ಪೈರ್ ಮೋಟಾರ್‌ಸ್ಪೋರ್ಟ್ಸ್‌ಗೆ ಅದೇ ಮೊದಲ ವರ್ಷ. 2018ರ ಕೊನೆಗೆ ಬಾಗಿಲು ಹಾಕಿದ ಇನ್ನೊಂದು ತಂಡದಿಂದ ಪಂದ್ಯಕ್ಕಿಳಿಯುವ ಹಕ್ಕನ್ನು ಕೊಂಡು ಅದು ಕಣಕ್ಕೆ ಬಂದಿತ್ತು.

ಅರ್ಧ ದೂರ ದಾಟಿದ ಮೇಲೆ ಮಳೆಯಿಂದ ಪಂದ್ಯ ನಿಂತರೆ, ನಿಂತಾಗ ಮುಂದಿದ್ದವನೇ ವಿಜಯಿ ಎಂಬುದು ನಿಯಮ. ಮೋಡ ಕವಿಯುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಆದುದರಿಂದ ಮುಂದಿನ ಸಾಲಿನವರಿಗೆ ಪ್ರತಿಯೊಂದು ಸುತ್ತೂ ಕೊನೆಯ ಸುತ್ತಾಗಿಬಿಟ್ಟಿತು. 119ನೆಯ ಸುತ್ತಿನಲ್ಲಿ ಆಸ್ಟಿನ್ ಡಿಲ್ಲನ್, ಕ್ಲಿಂಟ್ ಬೋಯರ್ ಇವರಿಬ್ಬರು ಮೊದಲ ಸ್ಥಾನಕ್ಕಾಗಿ ಸೆಣಸುತ್ತ ತಗುಲಿಕೊಂಡರು. ಹದಿನೆಂಟು ಕಾರುಗಳು ಆ ಅಪಘಾತದಲ್ಲಿ ಸಿಕ್ಕಿದವು. ಹೇಲಿ ಅದರಿಂದ ಪಾರಾದನು.

ಅಪಘಾತವಾದಾಗ ಹಳದಿ ಬಾವುಟ ಬೀಸುತ್ತಾರೆ. ಆಗ ಯಾರೂ ಯಾರನ್ನೂ ದಾಟದೆ ನಿಧಾನವಾಗಿ ಸುತ್ತು ಹಾಕುತ್ತಿರಬೇಕು. ಪೆಟ್ರೋಲು, ಟೈರು ಬೇಕಾದವರು ‘ಪಿಟ್’ ಎಂಬ ಪಕ್ಕದ ದಾರಿಗೆ ಇಳಿಯಬಹುದು. ಇಳಿದರೆ ಸ್ಥಾನ ಹೋಗುತ್ತದೆ. ಮುಂದಿದ್ದವನು ಕರ್ಟ್ ಬುಶ್, 2004ರಲ್ಲಿ ಇಡೀ ವರ್ಷದ ಪ್ರಶಸ್ತಿ ಗೆದ್ದಿದ್ದ ಹಿರಿಯ. ಇನ್ನೊಂದು ಸುತ್ತಾದರೆ ಓಟ ಮತ್ತೆ ಆರಂಭ ಎಂದು ಅಧಿಕಾರಿಗಳು ಸೂಚನೆ ಕೊಟ್ಟರು. ಓಟ ಮುಂದುವರಿಯುವುದಾದರೆ ಆಗಲೇ ಪಿಟ್‌ಗೆ ಇಳಿಯುವುದು ಲೇಸು. ಬುಶ್ ಇಳಿದ. ಹೇಲಿಯ ತಂಡದ ಮುಖ್ಯಸ್ಥ ಪೀಟರ್ ಸೊಸ್ಪೆನ್ಜೊ ತನ್ನ ಹುಡುಗನನ್ನು ಪಥದಲ್ಲಿಯೇ ಉಳಿಸಿದ. ಹೇಲಿ ಮೊದಲನೆಯವನಾದ. ಅಷ್ಟರಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಡಿಯಿತು!

ಕೆಂಪು ಬಾವುಟ ಬಿತ್ತು, ಕಾರುಗಳು ನಿಂತವು. ಆಮೇಲೆ ಮಳೆಯೂ ಸುರಿಯಿತು. ಎರಡು ಗಂಟೆಗೂ ಮೀರಿ ಕಾದ ಬಳಿಕ, 127 ಸುತ್ತುಗಳಿಗೆ ಪಂದ್ಯ ಮುಗಿಯಿತೆಂದು ಸಾರಿ ಹೇಲಿಗೆ ಗೆಲುವು ಕೊಟ್ಟರು. ವಿಲಿಯಂ ಬೈರನ್ ಎರಡನೆಯವನು, ಏಳು ಬಾರಿಯ ಚಾಂಪಿಯನ್ ಜಿಮ್ಮಿ ಜಾನ್ಸನ್ ಮೂರನೆಯವನು. ಇಷ್ಟೇ ಕಥೆ.

ಈಗ ವಾದಕ್ಕೆ ಬರೋಣ. ಹೇಲಿಯು ಮುಂದಾಳಾಗಿ ಪೂರ್ಣ ವೇಗದ ಒಂದು ಸುತ್ತನ್ನೂ ಓಡಿಸಲಿಲ್ಲ. ಇದು ನಿಜ, ನಾನು ಮೊದಲು ಹಿಡಿದುಕೊಂಡದ್ದೂ ಇದನ್ನೇ. ಆದರೆ ಮಳೆಯನ್ನು ನಂಬಿ ಆಡಿದವನು ಅವನೊಬ್ಬನೇ ಎನ್ನುವುದು ಸರಿಯಲ್ಲ. ಹದಿನೆಂಟು ಕಾರುಗಳು ನಜ್ಜುಗುಜ್ಜಾದದ್ದೂ ಮಳೆ ಬರುವ ಮುನ್ನ ಮುಂದಿರಬೇಕೆಂಬ ಆತುರದಿಂದಲೇ ಅಲ್ಲವೆ? ಎಲ್ಲರೂ ಮೋಡವನ್ನು ನೋಡಿಯೇ ಲೆಕ್ಕ ಹಾಕುತ್ತಿದ್ದರು. ಸೊಸ್ಪೆನ್ಜೊನ ಲೆಕ್ಕ ಮಾತ್ರ ಉಳಿಯಿತು. ಪಿಟ್‌ಗೆ ಇಳಿದಿದ್ದರೆ ಅವನಿಗೆ ಸಿಗುವುದು ಹಿಂದಿನ ಸಾಲಿನಲ್ಲೊಂದು ಸ್ಥಾನ. ಉಳಿದರೆ ಹೋಗುವುದೇನೂ ಇಲ್ಲ. ಬಡ ತಂಡಕ್ಕೆ ಇದೊಂದೇ ಬಂಡವಾಳ. 2009ರಲ್ಲಿ ಷಾರ್ಲಟ್‌ನ 600 ಮೈಲಿಯ ಪಂದ್ಯವೂ ಮಳೆಯಿಂದ ಸೋಮವಾರಕ್ಕೆ ಹೋಗಿ, 400 ಸುತ್ತುಗಳ ಬದಲು 227ಕ್ಕೆ ನಿಂತಾಗ, ಉಳಿದವರು ಇಳಿದರೂ ತಾನು ಇಳಿಯದೆ ನಿಂತ ಡೇವಿಡ್ ರಾಯಿಟಿಮನ್ ತನ್ನ ಮೊದಲ ಜಯ ಪಡೆದನು. ಒಮ್ಮೆಯಾದರೆ ಅದೃಷ್ಟವೆನ್ನಬಹುದು, ಒಂದೇ ಉಪಾಯ ಹತ್ತು ವರ್ಷಗಳ ಅಂತರದಲ್ಲಿ ಎರಡು ಸಲ ಫಲಿಸಿದರೆ ಅದನ್ನು ಆಟದ ಅಂಗವೆಂದೇ ಎಣಿಸಬೇಕು.

ನನಗೆ ನಿಜವಾಗಿ ಸಂಕಟವೆನಿಸುವುದು ಬುಶ್‌ನ ವಿಷಯ. ಅವನು ತಪ್ಪು ಮಾಡಲಿಲ್ಲ. ಅಧಿಕಾರಿಗಳ ಸೂಚನೆಯನ್ನು ನಂಬಿ ವಿವೇಕದಿಂದಲೇ ನಡೆದನು. 1992ರ ವಿಶ್ವಕಪ್ ಕ್ರಿಕೆಟ್ಟಿನ ಸೆಮಿಫೈನಲಿನಲ್ಲಿ 13 ಎಸೆತಗಳಿಗೆ 22 ಓಟ ಬೇಕಾಗಿದ್ದ ದಕ್ಷಿಣ ಆಫ್ರಿಕದವರು, ಮಳೆ ನಿಂತ ಮೇಲೆ ಒಂದು ಎಸೆತಕ್ಕೆ 21 ಓಟವೆಂಬ ಲೆಕ್ಕದ ಮುಂದೆ ನಿಂತುದನ್ನು ಕ್ರಿಕೆಟ್ ಪ್ರಿಯರು ಮರೆತಿಲ್ಲ. ಅಲ್ಲಿ ನಿಯಮವೇ ಕುರುಡಾಗಿತ್ತು; ಮುಂದೆ ಡಕ್‌ವರ್ತ್, ಲೂಯಿಸ್ ಎಂಬ ಇಬ್ಬರು ಲೆಕ್ಕತಜ್ಞರ ಸೂತ್ರ ಬಂದಿತು. ಡೇಟೋನಾದ ನಿಯಮ ಅಷ್ಟು ಕುರುಡಲ್ಲ. ಅದು ಎಲ್ಲರಿಗೂ ಮೊದಲೇ ತಿಳಿದಿತ್ತು, ಎಲ್ಲರಿಗೂ ಒಂದೇ ಆಗಿತ್ತು.

ಅದೇ ನಿಯಮ ಹೇಲಿಗೆ ಒಲಿದೇ ಬಂದಿತೆಂದೂ ಇಲ್ಲ. ಆ ವರ್ಷ ಅವನು ಎರಡನೆಯ ದರ್ಜೆಯ ಎಕ್ಸ್‌ಫಿನಿಟಿ ಸರಣಿಯ ಅಂಕಗಳಿಗೆ ಹೆಸರು ಕೊಟ್ಟಿದ್ದರಿಂದ ಈ ಗೆಲುವಿಗೆ ಅವನಿಗೆ ಅಂಕವೂ ಇಲ್ಲ, ವರ್ಷಾಂತ್ಯದ ಸುತ್ತಿಗೆ ಪ್ರವೇಶವೂ ಇಲ್ಲ. ಇನ್ನೊಂದು ಸಂಗತಿಯನ್ನು ಗೆಳೆಯನಿಗೆ ಹೇಳಿದಾಗ ಅವನೂ ಸುಮ್ಮನಾದ. 2018ರ ಜುಲೈ 6ರಂದು ಇದೇ ಡೇಟೋನಾದಲ್ಲಿ, ಎಕ್ಸ್‌ಫಿನಿಟಿ ಪಂದ್ಯದಲ್ಲಿ, ಹೇಲಿಯೇ ಎಲ್ಲರಿಗಿಂತ ಮೊದಲು ಗೆರೆ ದಾಟಿದ್ದನು. ದಾಟುವ ಭರದಲ್ಲಿ ಪಥದ ಒಳಬದಿಯ ಹಳದಿ ಗೆರೆಯ ಕೆಳಗೆ ಇಳಿದನೆಂದು ಅವನಿಂದ ಜಯವನ್ನು ಕಿತ್ತು ಕೈಲ್ ಲಾರ್ಸನ್‌ನಿಗೆ ಕೊಟ್ಟರು. ಅಂದು ಅವನು ಓಡಿಯೇ ಮೊದಲು ಬಂದಿದ್ದನು.