ಕೊಂಡ ವಸ್ತು, ಹಂಚಿಕೊಂಡ ನೋವು



ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಶಾಲಾ ಮಕ್ಕಳು ಅಂಗಿಗೆ ಚುಚ್ಚಿಕೊಂಡು ಬರುವ ಪುಟ್ಟ ಧ್ವಜವನ್ನು ನೀವು ಕಂಡಿರುತ್ತೀರಿ. 1949ರಿಂದ ನಡೆದುಬಂದ ಪದ್ಧತಿ ಅದು. ಹಣವನ್ನು ಡಬ್ಬಿಗೆ ಹಾಕಿದರೆ ಸಾಲದೇ, ಧ್ವಜವೇಕೆ? ಕೊಟ್ಟವರಿಗೆ ಅದು ನೆನಪಾಗಿ ಉಳಿಯುತ್ತದೆ. ಕಂಡವರಿಗೂ ಕೊಡುವ ಮನಸ್ಸಾಗುತ್ತದೆ.

2018ರ ಆಗಸ್ಟ್ ಮಳೆಯನ್ನು ಸಕಲೇಶಪುರದವರು ಮರೆಯಲಾರರು. ಇಲ್ಲಿಯ ಘಾಟಿಯಲ್ಲಿ, ಕೊಡಗಿನಲ್ಲಿ ಗುಡ್ಡಗಳು ಕುಸಿದವು. ಅದೇ ಮಳೆಗೆ ಕೇರಳದ ಚೇಂದಮಂಗಲಂ ನೇಕಾರರು ಓಣಂ ಹಬ್ಬಕ್ಕೆಂದು ನೇಯ್ದಿಟ್ಟ ಸೀರೆಗಳು ಕೆಸರುಪಾಲಾದವು. ಲಕ್ಷ್ಮಿ ಮೆನನ್, ಗೋಪಿನಾಥ್ ಪಾರಯಿಲ್ ಎಂಬವರು ಆ ಕಲೆಗಟ್ಟಿದ ಬಟ್ಟೆಯನ್ನು ಶುದ್ಧಿಮಾಡಿಸಿ, 'ಚೇಕುಟ್ಟಿ' ಎಂಬ ಪುಟ್ಟ ಗೊಂಬೆಗಳನ್ನು ಮಾಡಿಸಿದರು. ಒಂದು ಸೀರೆಗೆ 360 ಗೊಂಬೆ, ಗೊಂಬೆಗೆ 25 ರೂಪಾಯಿ; ಹೀಗೆ ಎಸೆಯಬೇಕಾದ ಸೀರೆಯಿಂದ 9,000 ರೂಪಾಯಿ ಬಂದಿತು. ಶಾಲಾ ಕಾಲೇಜುಗಳ ಮಕ್ಕಳೂ ಗೊಂಬೆ ಕಟ್ಟಲು ಕುಳಿತರು. ಅವರು ಕಲೆಯನ್ನು ಮರೆಮಾಚಲಿಲ್ಲ. ನೇಕಾರರೂ ಕೈಚಾಚಿ ನಿಲ್ಲಬೇಕಾಗಲಿಲ್ಲ.

ಆದಿ ಸಭೆಯೂ ಇಂಥ ದಾರಿ ಬಲ್ಲದು. ಕ್ಷಾಮ ಬರುವುದೆಂದು ತಿಳಿದಾಗ ಅಂತಿಯೋಕ್ಯದ ವಿಶ್ವಾಸಿಗಳು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಜುದೇಯದ ಸಹೋದರರಿಗೆ ನೆರವು ಕಳುಹಿಸಿದರೆಂದು ಪ್ರೇಷಿತರ ಕಾರ್ಯಕಲಾಪಗಳ 11ನೇ ಅಧ್ಯಾಯ ತಿಳಿಸುತ್ತದೆ. ಮುಂದೆ ಸಂತ ಪೌಲರು ಕಾಣಿಕೆ ಕೂಡಿಸಿದಾಗ, ಯಾರೂ ಬೆರಳು ತೋರಿಸದಿರಲೆಂದು ತೀತನ ಜೊತೆಗೆ ಸಭೆಗಳು ಆರಿಸಿದವರನ್ನೂ ಕಳುಹಿಸಿದರು. ಲೆಕ್ಕವೂ ಪ್ರೀತಿಯ ಒಂದು ಭಾಗವೇ.

ನಮ್ಮ ಸಕಲೇಶಪುರ, ಆಲೂರು ಕಡೆ ಗುಡ್ಡ ಕುಸಿಯುವುದೂ ಉಂಟು, ತೋಟಕ್ಕೆ ಹೊರಟವರು ಕಾಡಾನೆಗೆ ಬಲಿಯಾಗುವುದೂ ಉಂಟು. ಅಂಥ ಮನೆಗಾಗಿ ಕಾಫಿಪುಡಿ, ಮೆಣಸು, ಏಲಕ್ಕಿಯ ಪೊಟ್ಟಣ ಮಾರಲು ಹೊರಟರೆ ಈ ನಾಲ್ಕು ಮಾತು ನೆನಪಿಡಿರಿ:

1. ಮೊದಲು ಆ ಮನೆಯವರ ಒಪ್ಪಿಗೆ ಕೇಳಿರಿ. ಸತ್ತವರ ಚಿತ್ರವನ್ನು ಪೊಟ್ಟಣದ ಮೇಲೆ ಹಾಕುವುದು ಅವರಿಗೆ ಬೇಡವೆನಿಸಬಹುದು.

2. ಮುಂಗಡ ಬೇಡಿಕೆ ಪಡೆಯಿರಿ. 100 ರೂಪಾಯಿ ವೆಚ್ಚದ ಪೊಟ್ಟಣವನ್ನು 150ಕ್ಕೆ ಮಾರುವಿರೆಂದುಕೊಳ್ಳಿ. 200 ಪೊಟ್ಟಣವೂ ಹೋದರೆ ನೆರವಿಗೆ 10,000 ಉಳಿಯುತ್ತದೆ. 40 ಮಾರಾಟವಾಗದೆ ಉಳಿದರೆ ಕೈಗೆ ಸಿಗುವುದು 4,000 ಮಾತ್ರ.

3. ಮಾರಿದ್ದೆಷ್ಟು, ವೆಚ್ಚವೆಷ್ಟು, ಕೊಟ್ಟದ್ದೆಷ್ಟು ಎಂಬುದನ್ನು ದೇವಾಲಯದ ಸೂಚನಾ ಫಲಕದಲ್ಲಿ ಹಾಕಿರಿ. ಹಣವನ್ನು ಒಬ್ಬರ ಕೈಯಲ್ಲೇ ಬಿಡಬೇಡಿರಿ.

4. ನೆರೆಯ ಹಿಂದೂ, ಮುಸ್ಲಿಂ ಮನೆಗಳನ್ನೂ ಮೊದಲ ಸಭೆಗೇ ಕರೆಯಿರಿ. ಬರೀ ಕೊಳ್ಳುವವರನ್ನಾಗಿ ಕಂಡರೆ ಊರು ಒಂದಾಗದು. ಪೊಟ್ಟಣ ಕಟ್ಟಲು ಜೊತೆಗೆ ಕುಳಿತರೆ ಒಂದಾದೀತು.

ಇನ್ನೊಂದು ಮಾತು. ಪೊಟ್ಟಣ ಕೊಂಡ ಮಾತ್ರಕ್ಕೆ ನಮ್ಮ ಕರ್ತವ್ಯ ಮುಗಿಯದು. ಕಾಫಿಪುಡಿ ತಿಂಗಳೊಳಗೆ ಖಾಲಿಯಾಗುತ್ತದೆ. ಲೈನ್ ಮನೆಯಲ್ಲಿ ಒಂಟಿಯಾದ ತಾಯಿಗೆ ಮಕ್ಕಳ ಶಾಲೆಯ ಖರ್ಚು ವರ್ಷವರ್ಷವೂ ಇರುತ್ತದೆ. ಪರಿಹಾರದ ಅರ್ಜಿ ಬರೆದುಕೊಡಲು, ಕಚೇರಿಗೆ ಜೊತೆಯಲ್ಲಿ ಹೋಗಲು ಹಣವೇನೂ ಬೇಕಿಲ್ಲ.

ಮನೆಯವರೆಲ್ಲ ಕೂಡಿ ಚರ್ಚಿಸಿರಿ:

ಕಳೆದ ಮಳೆಗಾಲದಿಂದ ಈಚೆಗೆ ನಮ್ಮ ಧರ್ಮಕೇಂದ್ರದ ಸುತ್ತ ಸಾವು ಕಂಡ ಮನೆ ಯಾವುದು? ಶವಸಂಸ್ಕಾರದ ನಂತರ ನಾವು ಆ ಹೊಸ್ತಿಲು ತುಳಿದಿದ್ದೇವೆಯೇ? ಈ ವಾರ ಯಾರು ಹೋಗಿ ಬರುತ್ತೀರಿ?