ಕಳೆದದ್ದು ಮತ್ತು ಕಳುವಾದದ್ದು: ಖಾನಾಪುರದ ಎಂಟನೆಯ ತರಗತಿಯಲ್ಲಿ ಎರಡು ಪಾಠಗಳು

ಹಿನ್ನೆಲೆ

ನಾನು ಬಿ.ಎಸ್‌ಸಿ. ಮುಗಿಸಿ ಬಿ.ಇಡ್. ಓದುತ್ತಿರುವವಳು. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಬೋಧನಾಭ್ಯಾಸಕ್ಕೆ ದಿನಾಲೂ ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅಲ್ಲಿನ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದ ಕಾರಣ ಒಂದು ವಾರ ಎಂಟನೆಯ ತರಗತಿಯ ಇಂಗ್ಲಿಷ್ ಅವಧಿ ನನ್ನ ಪಾಲಿಗೆ ಬಂತು. ತರಗತಿಯಲ್ಲಿ ಮನೆಮಾತು ಕನ್ನಡವಾದ ಮಕ್ಕಳೂ ಇದ್ದರು, ಮರಾಠಿಯಾದ ಮಕ್ಕಳೂ ಇದ್ದರು. ಆ ವಾರ ನಾನು ಮಾಡಿದ ಎರಡು ಪಾಠಗಳನ್ನು, ಮುಖ್ಯವಾಗಿ ಮೊದಲನೆಯದರಲ್ಲಿ ಆದ ತಪ್ಪನ್ನು, ಸಹ ಪ್ರಶಿಕ್ಷಣಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ಮೊದಲ ಪಾಠ

ಕಳ್ಳತನಕ್ಕೆ ಸಂಬಂಧಿಸಿದ ಪದಗಳು ಅಂದಿನ ಶಬ್ದಸಂಪತ್ತು. ಕರಿಹಲಗೆಯ ಮೇಲೆ ಎರಡು ಕಾಲಂ ಹಾಕಿ ಬರೆದೆ: ಸ್ಟೀಲ್ – ಕದಿಯುವುದು, ರಾಬ್ – ಕದಿಯುವುದು, ಬರ್ಗಲ್ – ಕಳ್ಳತನ ಮಾಡುವುದು. ಮಕ್ಕಳು ಬರೆದುಕೊಂಡರು. ಉದ್ದೇಶ ಈಡೇರಿತು ಎಂದುಕೊಂಡು ವಾಕ್ಯ ರಚಿಸಲು ಗೃಹಪಾಠ ಕೊಟ್ಟೆ.

ಮೌಖಿಕ ಅಭ್ಯಾಸಕ್ಕೆ ಒಂದು ಉದಾಹರಣೆ ಬೇಕಿತ್ತು. ಮುಂದಿನ ಸಾಲಿನ ಹುಡುಗನೊಬ್ಬನ ಕಡೆ ಬೆರಳು ತೋರಿಸಿ, ಪಕ್ಕದ ಹುಡುಗಿಯ ಪೆನ್ನು ಹಿಡಿದು, "ಹೀ ಸ್ಟೋಲ್ ಹರ್ ಪೆನ್" ಎಂದೆ. ತರಗತಿ ಜೋರಾಗಿ ನಕ್ಕಿತು. ಹಿಂದಿನಿಂದ ಯಾರೋ "ತುಡುಗ" ಎಂದರು. ಹುಡುಗ ತಲೆ ತಗ್ಗಿಸಿದ. ಮಕ್ಕಳು ಆಸಕ್ತಿಯಿಂದ ಭಾಗವಹಿಸುತ್ತಿದ್ದಾರೆ ಎಂದೇ ನಾನು ತಿಳಿದೆ. ಸ್ವ-ಅವಲೋಕನದ ಪುಟದಲ್ಲಿ ಹಾಗೆಯೇ ಬರೆದೆ ಕೂಡ.

ಮರುದಿನ ಕಂಡದ್ದು

ಗೃಹಪಾಠದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ವಾಕ್ಯಗಳು ತಪ್ಪಾಗಿದ್ದವು. ಒಬ್ಬಳು "ಥೀವ್ಸ್ ಸ್ಟೋಲ್ ಮೈ ಅಂಕಲ್ ಇನ್ ಲೋಂಡಾ" ಎಂದು ಬರೆದಿದ್ದಳು. ಕಳ್ಳರು ಕಾಕಾನನ್ನೇ ಹೊತ್ತುಕೊಂಡು ಹೋದಂತಾಯಿತು! ಇನ್ನೊಬ್ಬ "ಹೀ ರಾಬ್ಡ್ ಮೈ ಸೈಕಲ್" ಎಂದಿದ್ದ. ತಪ್ಪು ಮಕ್ಕಳದಲ್ಲ. ಎರಡೂ ಪದಗಳಿಗೆ ಒಂದೇ ಅರ್ಥ ಬರೆಸಿದವಳು ನಾನು.

ಬೆರಳು ತೋರಿಸಿದ್ದ ಹುಡುಗ ಅಂದು ಶಾಲೆಗೆ ಬಂದಿರಲಿಲ್ಲ. ವಿಚಾರಿಸಿದಾಗ ಮಾರ್ಗದರ್ಶಿ ಶಿಕ್ಷಕರು ಹೇಳಿದರು: "ನೋಡವಾ ತಂಗಿ, ಹ್ವಾದ ವರ್ಷ ಒಂದ ಕಂಪಾಸ್ ಡಬ್ಬಿ ಕಾಣ್ಲಿಲ್ಲ. ಎಲ್ಲಾರೂ ಇವನ ಮ್ಯಾಲೆ ಸಂಶೇ ಮಾಡಿದ್ರು. ಎರಡ ದಿನ ಬಿಟ್ಟು ಡಬ್ಬಿ ಕಪಾಟಿನ ಹಿಂದ ಸಿಕ್ತು. ಡಬ್ಬಿ ಸಿಕ್ತು, ಹೆಸರ ಹೋಗ್ಲಿಲ್ಲ."

ಆ ಹೆಸರನ್ನು ನಾನು ಇಂಗ್ಲಿಷಿನಲ್ಲಿ ಮತ್ತೆ ಕರೆದಿದ್ದೆ. ಶಿಕ್ಷಕಿಯ ಬಾಯಿಂದ ಬಂದದ್ದರಿಂದ ಅದಕ್ಕೆ ಇನ್ನಷ್ಟು ಬಲ ಬಂದಿತ್ತು.

ಎರಡನೆಯ ಪಾಠದ ತಯಾರಿ

ಅಂದು ಸಂಜೆ ವಿಜ್ಞಾನದವಳಂತೆ ಕುಳಿತು ಪದಗಳನ್ನು ವರ್ಗೀಕರಿಸಿದೆ. ಜೀವಿಗಳನ್ನು ಲಕ್ಷಣ ನೋಡಿ ವಿಂಗಡಿಸುವಂತೆ ಇಲ್ಲಿಯೂ ನಾಲ್ಕು ಪ್ರಶ್ನೆ ಹಾಕಿಕೊಂಡೆ. ಕ್ರಿಯಾಪದದ ಕರ್ಮ ವಸ್ತುವೋ, ಮನುಷ್ಯನೋ? ಬಲ ಅಥವಾ ಬೆದರಿಕೆ ಇದೆಯೇ? ಕಟ್ಟಡದೊಳಗೆ ನುಗ್ಗಿದರೇ? ಎಷ್ಟು ಜನ?

ಸ್ಟೀಲ್ ಪದಕ್ಕೆ ಕರ್ಮ ವಸ್ತು. ರಾಬ್ ಪದಕ್ಕೆ ಕರ್ಮ ಮನುಷ್ಯ ಅಥವಾ ಬ್ಯಾಂಕಿನಂಥ ಸ್ಥಳ. ಹೋದ ವಸ್ತು 'ಆಫ್' ಜೊತೆಗೆ ಬರುತ್ತದೆ. ಬರ್ಗಲ್ ಪದಕ್ಕೆ ಕರ್ಮ ಮನೆ, ಅಂಗಡಿ. ಕನ್ನಡದ 'ಕದಿ' ನೇರವಾಗಿ ಸ್ಟೀಲ್‌ಗೆ ಕೂಡುತ್ತದೆ. ಆದರೆ 'ದೋಚು' ಎರಡೂ ಕಡೆ ನಡೆಯುತ್ತದೆ: ಹಣ ದೋಚಿದರು ಎನ್ನುತ್ತೇವೆ, ಮನೆ ದೋಚಿದರು ಎಂದೂ ಎನ್ನುತ್ತೇವೆ. ಮರಾಠಿಯ 'ಲುಟಣೆ' ಕೂಡ ಹಾಗೆಯೇ. ಮಕ್ಕಳ ತಪ್ಪಿಗೆ ಕಾರಣ ಇಲ್ಲಿದೆ.

ನಾಲ್ಕನೆಯ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿ ಸಿಕ್ಕಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವು 303ನೆಯ ಕಲಂ, ಕೈಯಿಂದ, ಕೊರಳಿಂದ ಕಿತ್ತುಕೊಂಡು ಓಡುವುದು 304, ರಾಬರಿ 309. ಐದು ಅಥವಾ ಹೆಚ್ಚು ಜನ ಸೇರಿ ಮಾಡಿದರೆ ಅದು 310ನೆಯ ಕಲಮಿನ ಡಕಾಯಿತಿ. ಡಕಾಯಿತಿ ಎಂಬ ಪದವನ್ನು ಇಂಗ್ಲಿಷ್ ನಮ್ಮ ದೇಶದಿಂದಲೇ ಪಡೆದಿದೆ. 'ಲೂಟ್' ಪದವೂ ಹಿಂದಿಯ ಲೂಟ್‌ನಿಂದ ಹೋದದ್ದೇ.

ಈ ತೊಡಕು ನಮ್ಮ ಭಾಷೆಗಳಿಗೆ ಮಾತ್ರ ಇರುವುದಲ್ಲ. ಫ್ರೆಂಚಿನಲ್ಲಿ ಸ್ಟೀಲ್ ಎನ್ನುವಲ್ಲಿಯೂ, ರಾಬ್ ಎನ್ನುವ ಹೆಚ್ಚಿನ ಕಡೆಯೂ 'ವೊಲೇ' ಎಂಬ ಒಂದೇ ಕ್ರಿಯಾಪದ ಬರುತ್ತದೆ; ಹಕ್ಕಿ ಹಾರುವುದಕ್ಕೂ ಅದೇ. ಮನೆಗಳ್ಳತನಕ್ಕೆ ಮಾತ್ರ 'ಕಾಂಬ್ರಿಯೊಲೇ' ಎಂಬ ಬೇರೆ ಪದವಿದೆ. ಭಾಷೆ ಯಾವುದೇ ಇರಲಿ, ಪದಕ್ಕೆ ಪದ ಇಟ್ಟರೆ ಸಾಲದು, ಪದ ವಾಕ್ಯದಲ್ಲಿ ಯಾರ ಜೊತೆ ಕೂಡುತ್ತದೆ ಎಂಬುದನ್ನೂ ಕಲಿಸಬೇಕು.

ಎರಡನೆಯ ಪಾಠ

ಈ ಸಲ ಅರ್ಥವನ್ನು ನಾನು ಹೇಳಲಿಲ್ಲ. ಮನೆಯಲ್ಲಿ ಏನನ್ನುತ್ತೀರಿ ಎಂದು ಕೇಳಿದೆ. 'ತುಡುಗು' ಎಂದರು. ಕಂಡವರ ಹೊಲಕ್ಕೆ ಕದ್ದು ನುಗ್ಗಿ ಮೇಯುವ ತುಡುಗು ದನದ ಮಾತು ಬಂತು. ಬರ್ಗಲ್‌ಗೆ ಒಬ್ಬಳು, "ನಮ್ಮ ಮನ್ಯಾಗ ಘರಫೋಡಿ ಅಂತೀವ್ರಿ ಟೀಚರ್" ಎಂದಳು. ಪತ್ರಿಕೆಯಲ್ಲಿ ಬರುವ 'ಮನೆಗೆ ಕನ್ನ' ಎಂದರೇನು ಎಂದು ಕೇಳಿದರೆ ಹೆಚ್ಚಿನವರಿಗೆ ತಿಳಿಯಲಿಲ್ಲ. ಕೊನೆಗೆ ಒಬ್ಬ, "ಗ್ವಾಡಿಗೆ ತೂತ ಹೊಡಿಯೂದ್ರಿ" ಎಂದ. 'ಸುಲಿಗೆ' ಪದಕ್ಕೆ ಬಾಳೆಹಣ್ಣು ನೆರವಾಯಿತು: ಹಣ್ಣನ್ನು ಸುಲಿದ ಹಾಗೆ ಮನುಷ್ಯನನ್ನು ಸುಲಿಯುವುದು. ಹಾಗಾದರೆ ರಾಬ್ ಪದದ ಮುಂದೆ ಮನುಷ್ಯ ಬರಬೇಕು ಎಂದು ಮಕ್ಕಳೇ ಹೇಳಿದರು. "ದೇ ರಾಬ್ಡ್ ಮೈ ಅಂಕಲ್ ಆಫ್ ಹಿಸ್ ಮನಿ" ಎಂದು ತಿದ್ದಿದವಳು ಹಿಂದೆ ಕಾಕಾನನ್ನು ಕಳ್ಳರಿಗೆ ಕೊಟ್ಟವಳೇ.

ಅಭಿನಯದಲ್ಲಿ ಕಳ್ಳಿ ನಾನೇ ಆದೆ. ಮಾರ್ಗದರ್ಶಿ ಶಿಕ್ಷಕರ ಮೇಜಿನಿಂದ ಡಸ್ಟರ್ ಎತ್ತಿ ಸೆರಗಿನಲ್ಲಿ ಬಚ್ಚಿಟ್ಟೆ. ಮಕ್ಕಳು ನಗುತ್ತ "ಟೀಚರ್ ಸ್ಟೋಲ್ ದಿ ಡಸ್ಟರ್" ಎಂದರು. ನೀವು ಕಣ್ಣಾರೆ ಕಂಡಿರಿ, ಆದ್ದರಿಂದ ಈ ವಾಕ್ಯ ಸರಿ ಎಂದೆ. ನಂತರ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ ಸೀಮೆಸುಣ್ಣವನ್ನು ಕಿಟಕಿಯ ಮೂಲೆಗೆ ಸರಿಸಿದೆ. ಈಗ ಏನೆನ್ನಬೇಕು? ಕೆಲವರು 'ಸ್ಟೋಲನ್' ಎಂದರು. ಯಾರು ಕಂಡಿರಿ ಎಂದು ಕೇಳಿದೆ. ತರಗತಿ ಸುಮ್ಮನಾಯಿತು. 'ಮಿಸ್ಸಿಂಗ್', 'ಲಾಸ್ಟ್', 'ಸ್ಟೋಲನ್' ಎಂದು ಮೂರು ಪದ ಬರೆದು, ಎದುರಿಗೆ 'ಕಾಣುತ್ತಿಲ್ಲ', 'ಕಳೆದುಹೋಗಿದೆ', 'ಕಳುವಾಗಿದೆ' ಎಂದು ಬರೆದೆ. ಕೊನೆಯ ಎರಡು ಕನ್ನಡ ಪದಗಳು ಕಿವಿಗೆ ಹತ್ತಿರ, ಆದರೆ ಕಳುವಾಗಿದೆ ಎಂದೊಡನೆ ಎಲ್ಲೋ ಒಬ್ಬ ಕಳ್ಳ ಇದ್ದಾನೆ ಎಂದು ಹೇಳಿದಂತೆ. ವಸ್ತು ಕಾಣದಾಗ ಮೊದಲು 'ಕಾಣುತ್ತಿಲ್ಲ' ಎನ್ನಬೇಕು ಎಂದು ತರಗತಿ ಒಪ್ಪಿತು.

ಆ ಹುಡುಗ ಅಂದು ಬಂದಿದ್ದ. ಪಾಠಕ್ಕೆ ಮೊದಲೇ ಅವನನ್ನು ಜಗುಲಿಗೆ ಕರೆದು, ಆ ದಿನ ನನ್ನಿಂದ ತಪ್ಪಾಯಿತು ಎಂದು ಹೇಳಿದ್ದೆ. "ಇರ್ಲಿ ಬಿಡ್ರಿ ಟೀಚರ್" ಎಂದು ಒಳಗೆ ಹೋದ. ಅಂದಿನ ಅವನ ಪುಸ್ತಕದಲ್ಲಿ ಒಂದೇ ವಾಕ್ಯವಿತ್ತು: "ಮೈ ಬಾಲ್ ಈಸ್ ಮಿಸ್ಸಿಂಗ್." ಮಿಸ್ಸಿಂಗ್ ಪದದಲ್ಲಿ ಒಂದು ಎಸ್ ಕಡಿಮೆಯಿತ್ತು. ಹೆಸರು ಅಳಿಯಿತು ಎಂದು ನಾನು ಹೇಳಲಾರೆ. ನಾನಿದ್ದ ಉಳಿದ ದಿನಗಳಲ್ಲಿ ಅದು ತರಗತಿಯಲ್ಲಿ ನನ್ನ ಕಿವಿಗೆ ಬೀಳಲಿಲ್ಲ ಎಂದಷ್ಟೇ ಹೇಳಬಲ್ಲೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

1. ಹೊಸ ಕ್ರಿಯಾಪದವನ್ನು ಒಂಟಿಯಾಗಿ ಬರೆಸಬೇಡಿ. ಅದರ ಕರ್ಮದೊಂದಿಗೆ, ಪೂರ್ಣ ವಾಕ್ಯದಲ್ಲಿ ಕೊಡಿ.

2. ಮಕ್ಕಳ ಮನೆಮಾತನ್ನು ಪೂರ್ವಜ್ಞಾನವೆಂದು ಬಳಸಿ. ತುಡುಗು, ಘರಫೋಡಿ ಪದಗಳು ನನ್ನ ಪಾಠ ಯೋಜನೆಯಲ್ಲಿರಲಿಲ್ಲ. ಪಾಠವನ್ನು ದಡ ಸೇರಿಸಿದ್ದು ಅವೇ.

3. ಕಳ್ಳ, ಸುಳ್ಳ, ದಡ್ಡ ಮುಂತಾದ ಪದಗಳ ಉದಾಹರಣೆಗೆ ಯಾವ ಮಗುವನ್ನೂ ತೋರಿಸಬೇಡಿ. ಆ ಪಾತ್ರ ಶಿಕ್ಷಕರದೇ ಆಗಲಿ. ತರಗತಿಯ ಹಿಂದಿನ ಕಥೆ ಹೊಸದಾಗಿ ಬಂದ ನಮಗೆ ಗೊತ್ತಿರುವುದಿಲ್ಲ.

4. ತರಗತಿ ನಕ್ಕಾಗ ಯಾರು ನಗಲಿಲ್ಲ ಎಂದು ನೋಡಿ. ಅದನ್ನೂ ಸ್ವ-ಅವಲೋಕನದ ಪುಟದಲ್ಲಿ ಬರೆಯಿರಿ.