ಚರೆ ತೋಟಾ ಎಷ್ಟು ಗಜಕ್ಕೆ? ನಿಮ್ಮ ಕೋವಿಯನ್ನೇ ಕೇಳಿ

ಜಿಂಕೆ ಬೇಟೆಯಲ್ಲಿ ಶಾಟ್‌ಗನ್ನಿನ ನಂಬಬಹುದಾದ ದೂರವನ್ನು ಕಂಡುಕೊಳ್ಳುವ ಬಗೆ

ಅಮೆರಿಕದ ಆಗ್ನೇಯ ಭಾಗದ ಜಾರ್ಜಿಯಾ, ದಕ್ಷಿಣ ಮತ್ತು ಉತ್ತರ ಕೆರೊಲಿನಾ ರಾಜ್ಯಗಳಲ್ಲಿ ಬಿಳಿಬಾಲದ ಜಿಂಕೆಯ ಬೇಟೆ ಕಾನೂನುಬದ್ಧ. ಪರವಾನಗಿ ಪಡೆದು, ಹಂಗಾಮು ನೋಡಿ, ಮಿತಿಯೊಳಗೆ ಬೇಟೆಯಾಡಬೇಕು. ಜವುಗು ನೆಲ ಮತ್ತು ಒತ್ತಾದ ಪೈನ್ ತೋಪುಗಳಿರುವ ಕರಾವಳಿ ಬಯಲಿನಲ್ಲಿ ನಾಯಿಗಳಿಂದ ಹಳು ನುಗ್ಗಿಸಿ ಬೇಟೆಯಾಡುವ ಹಳೆಯ ಪದ್ಧತಿ ಈಗಲೂ ಉಂಟು. ಅಲ್ಲಿ ಜಿಂಕೆ ಕಾಣಿಸಿಕೊಳ್ಳುವುದು ಹತ್ತಿರದಲ್ಲಿ, ಅದೂ ಕ್ಷಣಹೊತ್ತು. ಹಾಗಾಗಿ ದಪ್ಪ ಚರೆ ತುಂಬಿದ ತೋಟಾ, ಅಂದರೆ ಬಕ್‌ಶಾಟ್, ಆ ಬೇಟೆಯ ವಾಡಿಕೆಯ ಮದ್ದುಗುಂಡು.

ಅಟ್ಲಾಂಟಾ, ಷಾರ್ಲಟ್, ರಾಲೀ ಕಡೆ ನೆಲೆಸಿರುವ ಕನ್ನಡಿಗರನ್ನು ಸಹೋದ್ಯೋಗಿಗಳು ಇಂಥ ಬೇಟೆಗೆ ಕರೆದಾಗ ಮೊದಲು ಏಳುವ ಪ್ರಶ್ನೆ, ‘ಇದು ಎಷ್ಟು ದೂರಕ್ಕೆ ಹೊಡೆಯುತ್ತದೆ?’ ಎಂಬುದು. ತೋಟಾದ ಡಬ್ಬಿಯ ಮೇಲೆ ಅದಕ್ಕೆ ಉತ್ತರ ಇರುವುದಿಲ್ಲ. ಅಂದಾಜಿಗೆ ಹೇಳುವುದಾದರೆ, ಸಾಮಾನ್ಯ ಕೋವಿ ಮತ್ತು ಸಾಮಾನ್ಯ ತೋಟಾಕ್ಕೆ 25ರಿಂದ 30 ಗಜ. ಒಳ್ಳೆಯ ತೋಟಾ ಮತ್ತು ಹೊಂದುವ ಚೋಕ್ (ನಳಿಗೆಯ ಬಾಯಿಯ ಭಾಗ; ಹಂತ 3 ನೋಡಿ) ಇದ್ದರೆ 40 ಗಜ. ಅದರಾಚೆ ಹೊಡೆಯುವುದೆಂದರೆ ಜಿಂಕೆಯನ್ನು ಗಾಯಗೊಳಿಸಿ ಕಳೆದುಕೊಳ್ಳುವ ದಾರಿ. ಈ ಮಿತಿಯೊಳಗೆ ನಿಮ್ಮ ಕೋವಿಯ ದೂರ ನಿಖರವಾಗಿ ಎಷ್ಟು ಎಂಬುದನ್ನು ಕಾಗದಕ್ಕೆ ಹೊಡೆದು, ತೂತು ಎಣಿಸಿಯೇ ತಿಳಿಯಬೇಕು.

ಹಂತ 1: ಕಾನೂನು ಮೊದಲು

ಎಚ್‌1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು, ಮದ್ದುಗುಂಡು ಹೊಂದುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಲ್ಲಿಯ ರಾಜ್ಯವೊಂದು ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಪರವಾನಗಿ ಕೈಗೆ ಬರುವ ಮುಂಚೆ ಗೆಳೆಯನ ಕೋವಿಯನ್ನೂ ಮುಟ್ಟಬೇಡಿ. ಸಂದೇಹವಿದ್ದರೆ ವಲಸೆ ವಕೀಲರನ್ನು ಕೇಳಿ.

ರಾಜ್ಯದ ನಿಯಮಗಳೂ ಒಂದೇ ತೆರನಾಗಿಲ್ಲ. ಅಯೋವಾ, ಇಲಿನಾಯ್, ಒಹಾಯೋಗಳಲ್ಲಿ ಜಿಂಕೆಗೆ ಚರೆ ತೋಟಾ ಬಳಸುವಂತಿಲ್ಲ. ಶಾಟ್‌ಗನ್ನಿಗೆ ಒಂಟಿ ಗುಂಡಿನ ಸ್ಲಗ್ ಮಾತ್ರ. ಜಾರ್ಜಿಯಾದಲ್ಲಿ 20 ಗೇಜ್ ಅಥವಾ ಅದಕ್ಕಿಂತ ದೊಡ್ಡ ನಳಿಗೆಗೆ ಚರೆ ತೋಟಾದ ಅನುಮತಿ ಇದ್ದರೂ, ನಾಯಿ ಬಿಟ್ಟು ಜಿಂಕೆ ಬೇಟೆಯಾಡಲು ಕೆಲವು ಕೌಂಟಿಗಳಲ್ಲಿ ಮಾತ್ರ ಅವಕಾಶ. 1961ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರಿಗೆ ಅಲ್ಲಿ ಬೇಟೆ ಸುರಕ್ಷತಾ ತರಬೇತಿ ಕಡ್ಡಾಯ. ಆ ವರ್ಷದ ರಾಜ್ಯ ನಿಯಮಪುಸ್ತಕವನ್ನು ಓದಿ, ನಿಮ್ಮ ಕೌಂಟಿಯ ನಿಯಮವನ್ನು ಬೇರೆಯಾಗಿ ನೋಡಿಕೊಳ್ಳಿ.

ಊರಿಗೆ ಬಂದಾಗ ಈ ಯಾವುದೂ ಅನ್ವಯಿಸದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಭಾರತದಲ್ಲಿ ಜಿಂಕೆ, ಕಡವೆಗಳ ಬೇಟೆ ಅಪರಾಧ. ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಬೇಟೆಗೆ ಕೊಟ್ಟ ಅನುಮತಿಯಲ್ಲ.

ಹಂತ 2: ತೋಟಾ ಆರಿಸಿ

ನಮ್ಮಲ್ಲಿ ಎಸ್‌ಜಿ ಎನ್ನುವ ಚರೆ ಗಾತ್ರದಲ್ಲಿ ಹೆಚ್ಚುಕಡಿಮೆ ಅಮೆರಿಕದ ಡಬಲ್ ಆಟ್‌ಗೆ, ಎಲ್‌ಜಿ ಟ್ರಿಪಲ್ ಆಟ್‌ಗೆ ಸಮ. 12 ಗೇಜ್ ಕೋವಿಗೆ ಸಿಗುವ ಮುಖ್ಯ ಬಗೆಗಳು ಇವು:

• ಟ್ರಿಪಲ್ ಆಟ್: ಒಂದು ಚರೆ ಸುಮಾರು 9.1 ಮಿ.ಮೀ. ಅತಿ ಭಾರದ ಚರೆ, ಸಂಖ್ಯೆ ಕಡಿಮೆ.
• ಡಬಲ್ ಆಟ್: ಸುಮಾರು 8.4 ಮಿ.ಮೀ. ಎರಡೂಮುಕ್ಕಾಲು ಇಂಚಿನ ಸಾಮಾನ್ಯ ತೋಟಾದಲ್ಲಿ 9, ಅದೇ ಉದ್ದದ ಮ್ಯಾಗ್ನಂನಲ್ಲಿ 12, ಮೂರು ಇಂಚಿನದರಲ್ಲಿ 15 ಚರೆ.
• ನಂಬರ್ 1: ಸುಮಾರು 7.6 ಮಿ.ಮೀ. ಸಾಮಾನ್ಯ ತೋಟಾದಲ್ಲಿ 16 ಚರೆ.
• ನಂಬರ್ 4: ಸುಮಾರು 6.1 ಮಿ.ಮೀ. ಸಾಮಾನ್ಯ ತೋಟಾದಲ್ಲಿ 27 ಚರೆ. ಹಗುರ; ಜಿಂಕೆಯ ಮಟ್ಟಿಗೆ ಬಿಟ್ಟುಬಿಡುವುದು ಲೇಸು.

ಹೊಸಬರು ಡಬಲ್ ಆಟ್ ಅಥವಾ ನಂಬರ್ 1ರಿಂದ ಆರಂಭಿಸಬಹುದು. ತಾಮ್ರದ ಲೇಪವಿರುವ, ಚರೆಗಳ ನಡುವೆ ಪ್ಲಾಸ್ಟಿಕ್ ಪುಡಿ ತುಂಬಿದ ತೋಟಾ ನೋಡಿ ಕೊಳ್ಳಿ. ಸ್ಫೋಟದ ಒತ್ತಡಕ್ಕೆ ಮೆದು ಸೀಸದ ಚರೆಗಳು ಒಂದಕ್ಕೊಂದು ಒತ್ತಿ, ನಳಿಗೆಯ ಗೋಡೆಗೆ ಉಜ್ಜಿ ಚಪ್ಪಟೆಯಾಗುತ್ತವೆ. ಚಪ್ಪಟೆಯಾದ ಚರೆ ನೇರ ಹಾರದೆ ಪಕ್ಕಕ್ಕೆ ಸರಿಯುತ್ತದೆ. ಲೇಪ ಮತ್ತು ಪುಡಿ ಇದನ್ನು ತಗ್ಗಿಸುತ್ತವೆ. ಮೂರು ಬೇರೆ ತಯಾರಿಕೆಯ ತೋಟಾಗಳನ್ನು ಒಂದೊಂದು ಡಬ್ಬಿ ತನ್ನಿ. ಒಂದು ಕೋವಿಗೆ ಒಗ್ಗಿದ ತೋಟಾ ಪಕ್ಕದ ಕೋವಿಗೆ ಒಗ್ಗದಿರಬಹುದು.

ಹಂತ 3: ಚೋಕ್ ಹೊಂದಿಸಿ

ನಳಿಗೆಯ ಬಾಯಿಯನ್ನು ಕೊಂಚ ಕಿರಿದಾಗಿಸುವ ಭಾಗವೇ ಚೋಕ್. ಬಿಗಿಯಾದಷ್ಟೂ ಚರೆಯ ಹರವು ಚಿಕ್ಕದಾಗುತ್ತದೆ ಎಂಬ ಮಾತು ಸಣ್ಣ ಚರೆಗೆ ಬಹುಪಾಲು ನಿಜ. ದಪ್ಪ ಚರೆಗೆ ಯಾವಾಗಲೂ ಅಲ್ಲ. ಬಿಗಿ ಹೆಚ್ಚಾದರೆ ಚರೆಗಳು ನಜ್ಜುಗುಜ್ಜಾಗಿ ಹರವು ಕೆಡಲೂಬಹುದು. ಇಂಪ್ರೂವ್ಡ್ ಸಿಲಿಂಡರ್, ಮಾಡಿಫೈಡ್, ಫುಲ್ ಮೂರನ್ನೂ ಪರೀಕ್ಷಿಸಿ. ಟರ್ಕಿ ಕೋಳಿ ಬೇಟೆಯ ಅತಿಬಿಗಿ ಚೋಕ್‌ನಲ್ಲಿ, ತಯಾರಕರು ಒಪ್ಪಿಗೆ ಕೊಟ್ಟಿರದಿದ್ದರೆ, ದಪ್ಪ ಚರೆ ಹೊಡೆಯಬೇಡಿ.

ಹಂತ 4: ಕಾಗದಕ್ಕೆ ಹೊಡೆಯಿರಿ

ಇದೇ ಈ ಕೆಲಸದ ತಿರುಳು. ಹಿಂದೆ ಎತ್ತರದ ಮಣ್ಣಿನ ದಿಬ್ಬವಿರುವ, ಚರೆ ತೋಟಾಕ್ಕೆ ಅನುಮತಿ ಇರುವ ಶೂಟಿಂಗ್ ರೇಂಜಿಗೆ ಹೋಗಿ. ಕಣ್ಣಿಗೆ, ಕಿವಿಗೆ ರಕ್ಷಣೆ ಇರಲಿ.

1. ಒಂದು ಗಜ ಅಗಲ, ಒಂದು ಗಜ ಎತ್ತರದ ಕಾಗದದ ನಡುವೆ ಹತ್ತು ಇಂಚು ಅಡ್ಡಳತೆಯ ವೃತ್ತ ಬರೆಯಿರಿ. ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಜಾಗ ಹೆಚ್ಚುಕಡಿಮೆ ಅಷ್ಟೇ.
2. ದೂರವನ್ನು ಟೇಪಿನಲ್ಲಿ ಅಳೆಯಿರಿ. 15 ಗಜದಿಂದ ಶುರು ಮಾಡಿ.
3. ಕೋವಿಯನ್ನು ಮರಳುಚೀಲದ ಮೇಲೆ ಊರಿ ಒಂದು ಈಡು ಹೊಡೆಯಿರಿ. ಪ್ರತಿ ಈಡಿಗೂ ಹೊಸ ಕಾಗದ. ಪ್ರತಿ ದೂರಕ್ಕೂ ಮೂರು ಈಡು.
4. ಕಾಗದದ ಮೂಲೆಯಲ್ಲಿ ದೂರ, ತೋಟಾ, ಚೋಕ್ ಬರೆದಿಡಿ. ವೃತ್ತದೊಳಗಿನ ತೂತುಗಳನ್ನು ಎಣಿಸಿ.
5. ಚರೆಗಳ ಗುಂಪಿನ ನಡು ವೃತ್ತದ ನಡುವಿಗೆ ಬಂದಿದೆಯೇ ನೋಡಿ. ಎಡಕ್ಕೋ ಮೇಲಕ್ಕೋ ಸರಿದಿದ್ದರೆ ಮೊದಲು ಗುರಿಕಟ್ಟನ್ನು ಸರಿಪಡಿಸಿ.
6. ಐದೈದು ಗಜ ಹಿಂದೆ ಸರಿಯುತ್ತಾ ಮತ್ತೆ ಹೊಡೆಯಿರಿ.

ಹಂತ 5: ನಿಮ್ಮ ಅಂಕಿ ಗೊತ್ತುಮಾಡಿ

ನಾನು ಸೂಚಿಸುವ ಅಳತೆಗೋಲು ಇಷ್ಟು: ಮೂರು ಕಾಗದಗಳಲ್ಲೂ ಮೂರನೇ ಎರಡು ಪಾಲು ಚರೆ ವೃತ್ತದೊಳಗೆ ಬಿದ್ದಿರಬೇಕು. ಒಂಬತ್ತು ಚರೆಯ ತೋಟಾ ಆದರೆ ಆರು. ಸರಾಸರಿ ತೆಗೆಯಬೇಡಿ, ಮೂರರಲ್ಲಿ ಅತಿ ಕೆಟ್ಟ ಕಾಗದವನ್ನೇ ಲೆಕ್ಕಕ್ಕೆ ಹಿಡಿಯಿರಿ. ಈ ಪರೀಕ್ಷೆಯಲ್ಲಿ ಪಾಸಾದ ಕೊನೆಯ ದೂರ ನಿಮ್ಮ ಕೋವಿಯ ದೂರ. ಕಾಡಿನಲ್ಲಿ ಮರಳುಚೀಲ ಇರುವುದಿಲ್ಲ, ಎದೆ ಹೊಡೆದುಕೊಳ್ಳುತ್ತಿರುತ್ತದೆ. ಅದಕ್ಕಾಗಿ ಇನ್ನೂ ಐದು ಗಜ ಕಳೆಯಿರಿ.

ಇಷ್ಟು ಬಿಗಿ ಯಾಕೆ ಎಂಬುದಕ್ಕೆ ಸರಳ ಗಣಿತವಿದೆ. 20 ಗಜದಲ್ಲಿ ಒಂಬತ್ತೂ ಚರೆ ಹತ್ತು ಇಂಚಿನೊಳಗೆ ಬಿತ್ತೆನ್ನಿ. 40 ಗಜಕ್ಕೆ ಹರವಿನ ಅಡ್ಡಳತೆ ಇಮ್ಮಡಿಯಾಗಿ 20 ಇಂಚಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಚರೆಗಳು ಸಮನಾಗಿ ಹರಡಿದರೆ ಅದೇ ವೃತ್ತಕ್ಕೆ ಸಿಗುವುದು ಎರಡೋ ಮೂರೋ. ಉಳಿದವು ಹೊಟ್ಟೆಗೆ, ಕಾಲಿಗೆ, ದವಡೆಗೆ. ದುಂಡನೆಯ ಚರೆ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುವುದರಿಂದ ಒಳಹೊಗುವ ಬಲವೂ ಕುಗ್ಗಿರುತ್ತದೆ. ಹಾಗೆ ಪೆಟ್ಟು ತಿಂದ ಜಿಂಕೆ ಓಡಿಹೋಗಿ, ಯಾರ ಕೈಗೂ ಸಿಗದೆ, ದಿನಗಟ್ಟಲೆ ನರಳಿ ಸಾಯಬಹುದು. ದೂರದ ಮಿತಿಯನ್ನು ಪಾಲಿಸುವುದು ಆ ಪ್ರಾಣಿಗೆ ಬೇಟೆಗಾರ ಸಲ್ಲಿಸಲೇಬೇಕಾದ ಋಣ.

ಹಂತ 6: ಕಾಡಿನಲ್ಲಿ

• ನಿಂತ ಜಾಗದಿಂದ ನಿಮ್ಮ ಗಜಕ್ಕೆ ಸರಿಯಾಗಿರುವ ಮರ, ಪೊದೆ, ದಿಣ್ಣೆಗಳನ್ನು ರೇಂಜ್‌ಫೈಂಡರ್‌ನಿಂದ ಮೊದಲೇ ಗುರುತಿಸಿ. ಅವುಗಳಾಚೆ ಕಂಡ ಜಿಂಕೆಗೆ ಕೋವಿ ಎತ್ತಬೇಡಿ.
• ಪಕ್ಕೆ ತೋರಿಸಿ ನಿಂತ ಅಥವಾ ನಿಧಾನ ನಡೆಯುವ ಜಿಂಕೆಗೆ, ಮುಂಗಾಲಿನ ಹಿಂಬದಿಗೆ ಗುರಿಯಿಡಿ. ಬೆನ್ನು ತೋರಿಸಿ ಓಡುವುದನ್ನು ಬಿಟ್ಟುಬಿಡಿ.
• ಸದ್ದಿಗೆ, ಪೊದೆಯ ಅಲುಗಾಟಕ್ಕೆ ಎಂದೂ ಹೊಡೆಯಬೇಡಿ. ಜಿಂಕೆಗೆ 40 ಗಜವೇ ಮಿತಿಯಾದರೂ ಡಬಲ್ ಆಟ್ ಚರೆ 500 ಮೀಟರಿಗೂ ಆಚೆ ಹಾರಬಲ್ಲದು. ನಾಯಿ, ನೆರೆಯ ಬೇಟೆಗಾರ, ರಸ್ತೆ ಎಲ್ಲಿವೆ ಎಂಬುದು ಸದಾ ಗೊತ್ತಿರಲಿ.
• ಕಿತ್ತಳೆ ಬಣ್ಣದ ಮೇಲಂಗಿ ಧರಿಸಿ. ಜಾರ್ಜಿಯಾದ ನಿಯಮದಂತೆ ಸೊಂಟದ ಮೇಲ್ಭಾಗದಲ್ಲಿ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಕಾಣಬೇಕು.

ಹಂತ 7: ಈಡಿನ ನಂತರ

ಜಿಂಕೆ ಓಡಿದರೆ ಬೆನ್ನಟ್ಟಬೇಡಿ. ನಿಂತಿದ್ದ ಜಾಗ, ಓಡಿದ ದಿಕ್ಕು ಗುರುತಿಟ್ಟು ಅರ್ಧ ಗಂಟೆ ಕಾಯಿರಿ. ನೊರೆಬೆರೆತ ತಿಳಿಗೆಂಪು ರಕ್ತ ಶ್ವಾಸಕೋಶದ್ದು. ಜಿಂಕೆ ಹತ್ತಿರದಲ್ಲೇ ಬಿದ್ದಿರುತ್ತದೆ. ಹಸಿರು ಕಲಸಿದ್ದರೆ ಹೊಟ್ಟೆಗೆ ತಗುಲಿದೆ. ಹಲವು ಗಂಟೆ ಕಾದು ಹುಡುಕಬೇಕು. ‘ತಾಗಿಲ್ಲ’ ಎಂಬ ಊಹೆಯ ಮೇಲೆ ಹಿಂದಿರುಗಬೇಡಿ. ನೆಲವನ್ನು ಅಡಿ ಅಡಿಯಾಗಿ ನೋಡಿದ ಮೇಲೆಯೇ ತೀರ್ಮಾನಿಸಿ.

ಮಾಂಸ ಸೀಳುವಾಗ ಚರೆ ಹೊಕ್ಕ ದಾರಿಯ ಸುತ್ತಲಿನ ಭಾಗವನ್ನು ಧಾರಾಳವಾಗಿ ಕತ್ತರಿಸಿ ಎಸೆಯಿರಿ. ಸೀಸ ವಿಷ, ಮಕ್ಕಳು ಮತ್ತು ಗರ್ಭಿಣಿಯರು ಉಣ್ಣುವ ಮನೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಲಿ.

ಐದು ಗಜ ಕಳೆದ ಮೇಲೆ ಉಳಿದ ಗಜದ ಅಂಕಿ, ತೋಟಾದ ಹೆಸರು, ಚೋಕ್ ಮೂರನ್ನೂ ಒಂದು ಪಟ್ಟಿಯ ಮೇಲೆ ಬರೆದು ಕೋವಿಯ ಹಿಡಿಗೆ ಅಂಟಿಸಿ. ಮೂರರಲ್ಲಿ ಯಾವುದು ಬದಲಾದರೂ ಹಳೆಯ ಅಂಕಿ ರದ್ದು. ಮತ್ತೆ ಕಾಗದಕ್ಕೆ ಹೊಡೆದು ಹೊಸದನ್ನು ಪಡೆಯಿರಿ. ನಿಮ್ಮದು 25 ಗಜವಾದರೆ, 35 ಗಜದಲ್ಲಿ ಎಂಥ ದೊಡ್ಡ ಕೊಂಬಿನ ಜಿಂಕೆ ನಿಂತರೂ ಕೋವಿ ಕೆಳಗೇ ಇರಲಿ.